ಬೆನ್ನಿನ ಹೊಲಿಗೆ

ಕಾಮಾತಾ, ಟೋಕಿಯೋ
೬ ಫೆಬ್ರವರಿ ೧೯೬೭, ಸೋಮವಾರ

ಕುನಿಯೋ, ನನ್ನ ಕಂದಾ,

ನಿನ್ನ ಕೆಮ್ಮು ಹೇಗಿದೆ? ಕ್ಯೋಟೊದ ಚಳಿ ಮೂಳೆ ಕೊರೆಯುತ್ತದೆ ಅಂತಾರೆ. ರಬ್ಬರು ಕಾಯಿಸುವ ಕೋಣೆಯಿಂದ ಬೆವರಿಕೊಂಡು ಹಾಗೇ ಹೊರಗೆ ಬರಬೇಡ, ಕತ್ತಿಗೆ ಏನಾದರೂ ಸುತ್ತಿಕೋ. ಸೊಸೆಗೆ ಐದನೇ ತಿಂಗಳಲ್ಲವೇ, ಹೊಟ್ಟೆಗೆ ಸುತ್ತುವ ಬಿಳಿ ಬಟ್ಟೆ ಕಳಿಸಿದ್ದೆ, ತಲುಪಿತೇ? ನನ್ನ ಮಂಡಿನೋವು ಇದ್ದದ್ದೇ.

ನಿನ್ನ ತಮ್ಮ ಮಸುಮಿ ಇನ್ನೂ ಸಿಟ್ಟು ಬಿಟ್ಟಿಲ್ಲ. ಸಿನಿಮಾ ಪತ್ರಿಕೆಯಲ್ಲಿ ನೀನು "ಟೋಕಿಯೋದವರ ರಾಕ್ಷಸನ ಬೆನ್ನಲ್ಲಿ ಜಿಪ್ ಕಾಣುತ್ತೆ, ಮಕ್ಕಳೂ ನಗುತ್ವೆ" ಅಂದೆಯಲ್ಲ, ಅದನ್ನು ಓದಿದ ದಿನ ಅನ್ನದ ಬಟ್ಟಲು ತಳ್ಳಿ ಎದ್ದ. "ಆ ರಾಕ್ಷಸನ ಒಳಗಿರೋನು ತನ್ನ ತಮ್ಮ ಅಂತ ಅಣ್ಣಂಗೆ ನೆನಪಿದೆಯೋ ಇಲ್ವೋ?" ಅಂದ. ನೀನು ಅಲ್ಲಿ ರಾಕ್ಷಸ ವೇಷದ ರಬ್ಬರು ಚರ್ಮ ಮಾಡುತ್ತೀ, ಅವನು ಇಲ್ಲಿ ಇನ್ನೊಂದರೊಳಗೆ ಹೊಕ್ಕು ಆಟಿಕೆಯಂಥ ಊರು ತುಳಿಯುತ್ತಾನೆ. ನಿಮ್ಮ ಕಂಪನಿಗಳು ಕಚ್ಚಾಡಿದರೆ ಕಚ್ಚಾಡಲಿ, ನೀವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ ಕಣಪ್ಪ. ಮಸುಮಿಯ ಕಂಪನಿಯ ನಿರ್ಮಾಪಕ ಓಕುಮುರಾ ಆ ಪುಟವನ್ನೇ ಹರಿದು ಗೋಡೆಗೆ ಅಂಟಿಸಿದ್ದಾನೆ. ಹೊಸ ವೇಷಕ್ಕೆ ಜಿಪ್ಪೇ ಇಲ್ಲ. ಮಸುಮಿ ಒಳಹೊಕ್ಕ ಮೇಲೆ ಬೆನ್ನನ್ನು ದಪ್ಪ ದಾರದಿಂದ ಹೊಲಿದು ಮೇಲೆ ರಬ್ಬರು ಬಳಿಯುತ್ತಾರೆ. ಅವನು ಹೊರಗೆ ಬರಬೇಕಾದರೆ ಯಾರಾದರೂ ಕತ್ತರಿಸಬೇಕು.

ಕಳೆದ ವಾರ ಊಟ ಕೊಡಲು ಹೋದವಳು ತಾಲೀಮು ನೋಡಿದೆ. ಆ ದೀಪಗಳ ಶಾಖಕ್ಕೆ ದೂರ ನಿಂತ ನನಗೇ ಬೆವರು. ರಾಕ್ಷಸ ವೇಷ ಎರಡು ಬೀದಿ ತುಳಿಯಿತು, ರೈಲು ಸೇತುವೆ ಮುರಿಯಿತು, ಆಮೇಲೆ ಮಂಡಿಯೂರಿ ಕುಸಿಯಿತು. ಎಷ್ಟು ಚೆನ್ನಾಗಿ ಬಿದ್ದ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕವನಿದ್ದಾಗ ಜ್ವರ ಏರಿದರೆ ಹಾಗೇ ಕುಸಿಯುತ್ತಿದ್ದ, ಅದು ನನಗಲ್ಲದೆ ಯಾರಿಗೆ ಗೊತ್ತು? "ಅದು ನಟನೆ ಅಲ್ಲ, ತೆಗೀರೋ ನನ್ನ ಮಗನ್ನ!" ಎಂದು ಕೂಗಿದೆ. ಬೆನ್ನು ಸೀಳಿ ಎಳೆದಾಗ ತುಟಿ ನೀಲಿಗಟ್ಟಿತ್ತು. ವೇಷದ ಕಾಲುಗಳನ್ನು ಬಗ್ಗಿಸಿ ಒಳಗೆ ತುಂಬಿದ್ದ ಬೆವರನ್ನು ಹೊರಗೆ ಸುರಿದರು. ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ಹೊಲಿಗೆ ಕಾಣಿಸ್ತಾ?"

ಓಕುಮುರಾ ನೆಲಕ್ಕೆ ಹಣೆ ಮುಟ್ಟಿಸಿ ನನ್ನ ಕ್ಷಮೆ ಕೇಳಿದ. ಎದ್ದವನೇ, "ಅಮ್ಮಾ, ಕ್ಯೋಟೊದವರು ಪಿಚ್ಚರು ವಸಂತಕ್ಕೆ ಬಿಡ್ತಾರೆ. ನಾವು ಹಿಂದೆ ಬಿದ್ರೆ ಕತೆ ಮುಗೀತು" ಎಂದು ನಕ್ಕ. ಉಳಿದಿರುವುದು ಬೆಂಕಿಯ ದೃಶ್ಯ. ಊರಿನ ಜೊತೆ ರಾಕ್ಷಸನ ಮೈಯೂ ಹೊತ್ತಿಕೊಳ್ಳಬೇಕಂತೆ. ಬೇಡ ಕಣೋ ಅಂದರೆ ಮಸುಮಿ ಒಂದೇ ಮಾತು ಹೇಳುತ್ತಾನೆ: "ಅಣ್ಣ ನೋಡ್ಲಿ." ನೀನು ಎರಡು ಸಾಲು ಬರೆದರೆ ಅವನು ನಿಂತಾನು. ಚಿತ್ರೀಕರಣ ಈ ತಿಂಗಳ ಕೊನೆಗೆ, ಅಷ್ಟರೊಳಗೆ ಬರೆ.

ಹೆರಿಗೆ ಸುಸೂತ್ರವಾಗಲಿ, ಕೂಸು ನಿನ್ನ ಹಾಗೆ ಅಳುಬುರುಕ ಆಗದಿರಲಿ. ಇಬ್ಬರಿಗೂ ನನ್ನ ಆಶೀರ್ವಾದ.

ನಿನ್ನ ತಾಯಿ,
ತೋಮೆ

ಮರೆಯುವ ಮುಂಚೆ: ಲಕೋಟೆ ಅಂಟಿಸುವಷ್ಟರಲ್ಲಿ ಓಕುಮುರಾ ಮನೆಗೇ ಬಂದ. ನಿಮ್ಮವರ ಪೋಸ್ಟರು ನಿನ್ನೆ ನಿಲ್ದಾಣದ ಗೋಡೆಗೆ ಬಂತಂತೆ, ಅದಕ್ಕೆ ಬೆಂಕಿಯ ದೃಶ್ಯ ಈ ಶುಕ್ರವಾರವೇ. ವೇಷ ಹೊಲಿಯುತ್ತಿದ್ದವನು ನನ್ನ ಕೈಲಾಗದು ಎಂದು ಬಿಟ್ಟುಹೋದನಂತೆ. ಕಿಮೋನೊ ಹೊಲಿದು ಪಳಗಿದ ಕೈ ಎಂದು ನನ್ನನ್ನೇ ಕೇಳಿದ. "ಅಮ್ಮ ಹೊಲಿದ್ರೆ ನಂಗೆ ಭಯ ಇಲ್ಲ" ಎಂದು ಮಸುಮಿ ಹೇಳಿದನಂತೆ. ಒಪ್ಪಿಕೊಂಡೆ. ಬೇರೆಯವರು ಇನ್ನೂ ಬಿಗಿಯಾಗಿ ಹೊಲಿದಾರು. ಕತ್ತರಿ ಹಿಡಿದೇ ನಿಲ್ಲುತ್ತೇನೆ, ಆದರೆ ಹೊಗೆಯಲ್ಲಿ ನನಗೆ ಕಣ್ಣು ಕಾಣುವುದಿಲ್ಲ ಕುನಿಯೋ. ಬರೆಯುವುದು ಬೇಡ. ನೀನೇ ಬಾ.