ಕೆಳಗಿನ ಬಲ ಮೂಲೆ

ಹದಿನಾಲ್ಕನೇ ತಾರೀಕು, ಬುಧವಾರ
ಬೆಳಿಗ್ಗೆ ಹನ್ನೊಂದು ಗಂಟೆ

ಇರುವೆಗೆ, ಅಕ್ಕ ಬರೆಯುವುದು.

ನಾವೆಲ್ಲ ಕ್ಷೇಮ ಅಂತ ಶುರು ಮಾಡಬೇಕು. ನಾವು ಅನ್ನುವುದಕ್ಕೆ ಇಲ್ಲಿ ಈಗ ಇಬ್ಬರಿಲ್ಲ. ನಿನ್ನ ಭಾವ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಕೆಲಸದ ಜಾಗದಲ್ಲಿ, ಕೆಳಗಿನ ಕೋಣೆಯಲ್ಲಿ ಪುಸ್ತಕ ಹೊಲಿಯುತ್ತಾ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಡಾಕ್ಟರು ಹೃದಯ ಅಂದರು. ನಾನು ಮೇಲಿನ ಮಹಡಿಯಲ್ಲಿ ಕೆಲಸದಲ್ಲಿದ್ದೆ. ಕರೆಯಲು ಓಡಿಬಂದವಳಿಗೆ, ಇರು, ಶಾಯಿ ಒಣಗಲಿ, ಬಂದೆ ಅಂದೆ. ಇದನ್ನು ನಿನಗೆ ಬೇರೆ ಯಾರಾದರೂ ಹೇಳುತ್ತಾರೆ, ಅದಕ್ಕೆ ನಾನೇ ಮೊದಲು ಹೇಳಿಬಿಟ್ಟೆ.

ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದ ತಕ್ಷಣ ಬಾಯಿಗೆ ಬಂದದ್ದು ಬೈದುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗದ ಇದು, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ನಾನು ಅತ್ತಿಲ್ಲ. ಅಳಬಾರದು ಅಂತೇನಿಲ್ಲ, ಬರಲಿಲ್ಲ ಅಷ್ಟೆ. ಎದುರು ಮನೆಯವಳು ದಿನಾ ಬಂದು, ಅತ್ತುಬಿಡಿ ಅಕ್ಕಾ, ಹಗುರಾಗುತ್ತೆ ಅಂತ ಪೀಡಿಸುತ್ತಿದ್ದಳು. ನನ್ನ ಭಾರ ನಿನ್ನ ತಲೆ ಮೇಲೆ ಇದೆಯೇನೇ ಅಂತ ಕೇಳಿದೆ. ಆಮೇಲೆ ಬಂದಿಲ್ಲ. ಏಳುತ್ತೇನೆ, ತಿನ್ನುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಮೊನ್ನೆ ಅವರು ಪುಸ್ತಕದ ರಟ್ಟಿಗೆ ಚರ್ಮ ಕೊಯ್ಯುತ್ತಿದ್ದ ಚಾಕುವನ್ನು ಕಲ್ಲಿಗೆ ಹಾಕಿ ಹರಿತ ಮಾಡಿ, ಒರೆಸಿ, ಅದರ ಜಾಗದಲ್ಲಿಟ್ಟೆ. ಯಾರಿಗೆ ಅಂತ ಆಮೇಲೆ ಹೊಳೆಯಿತು. ಆಗಲೂ ಏನೂ ಆಗಲಿಲ್ಲ. ಕೈಗೆ ಜೋಮು ಹಿಡಿದಾಗ ಚಿವುಟಿದರೆ ಹೇಗಿರುತ್ತೆ, ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. ಇದನ್ನು ನಿನ್ನ ಮಗಳಿಗೂ ಓದಿ ಹೇಳು. ನಮ್ಮ ಕೆಲಸ ಅವಳಿಗೆ ಮರೆತಿರುತ್ತದೆ, ಅದಕ್ಕೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ. ನೀನು ಬೇಸರ ಮಾಡಿಕೊಳ್ಳಬೇಡ.

ಇಲ್ಲಿ ಕೆಲಸ ಮಾಡಿ ತೀರಿಕೊಂಡವರ ಹೆಸರು ಬರೆದು ಮೆಟ್ಟಿಲ ಗೋಡೆಗೆ ಹಾಕುವುದುಂಟಲ್ಲ, ನಿನ್ನ ಭಾವನದ್ದಕ್ಕೂ ಸುತ್ತಲಿನ ಅಂಚು ನೀವೇ ಬರೆಯಿರಿ ಅಂತ ಮಾಲೀಕರು ಒಳ್ಳೆಯ ಹಾಳೆ ಕೊಟ್ಟರು. ಈ ತಿಂಗಳ ಮೂವತ್ತಕ್ಕೆ ಹಾಕುತ್ತಾರೆ. ನಿಮಗೆ ಕಷ್ಟವಾದರೆ ಅಚ್ಚು ಹಾಕಿಸೋಣ ಅಂದರು. ಅಚ್ಚು ನಿಮ್ಮ ಫೋಟೋಕ್ಕೆ ಹಾಕಿಸಿಕೊಳ್ಳಿ ಅಂದೆ. ಪಾಪ, ಹೊರಟುಹೋದರು.

ಗಿರಾಕಿಗಳ ಮುಂದೆ ಮಾಲೀಕರು ಈ ಅಂಚನ್ನು ಕೆಲ್ಟಿಕ್ ಗಂಟು ಅನ್ನುತ್ತಾರೆ, ಯಾವುದೋ ಪರದೇಶದ ಹೆಸರು. ನಮಗೆ ಬರೀ ಗಂಟಿನ ಅಂಚು. ಮೊದಲು ಪೆನ್ಸಿಲಿನಲ್ಲಿ ಸುತ್ತಲೂ ಚುಕ್ಕೆ. ನೀನಿಟ್ಟ ಚುಕ್ಕೆ ಇರುವೆ ಸಾಲಿನ ಹಾಗೆ ಒಂದೇ ಸಮ ಇರುತ್ತಿತ್ತು, ನಿನ್ನ ಹೆಸರು ಬಂದದ್ದೇ ಅದರಿಂದ. ಆಮೇಲೆ ಶಾಯಿಯಲ್ಲಿ ಎರಡು ಎಳೆ, ಜಡೆಯ ಹಾಗೆ. ಒಂದು ಎಳೆ ಒಂದು ಕಡೆ ಮೇಲೆ ಹಾಯ್ದರೆ ಮುಂದಿನ ಕಡೆ ಕೆಳಗೆ ನುಸುಳಬೇಕು. ಮೇಲೆ, ಕೆಳಗೆ, ಮೇಲೆ, ಕೆಳಗೆ, ಅಷ್ಟೇ ವಿದ್ಯೆ. ಒಂದು ಸಲ ತಪ್ಪಿದರೆ ಅಲ್ಲಿಂದಾಚೆ ಎಲ್ಲ ತಿರುಗುಮುರುಗು. ಮೋಸ ಏನೆಂದರೆ ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಎಳೆಯ ಎರಡು ತುದಿ ಸೇರುವಲ್ಲಿ ಮಾತ್ರ ಗೊತ್ತಾಗುತ್ತದೆ.

ನಾವಿಬ್ಬರೂ ಮೇಲಂಚಿನ ನಡುವಿನಿಂದ ಹೊರಡುತ್ತಿದ್ದೆವು. ನಾನು ಬಲಕ್ಕೆ, ನೀನು ಎಡಕ್ಕೆ. ಒಬ್ಬೊಬ್ಬರಿಗೆ ಎರಡೆರಡು ಮೂಲೆ. ಸೇರುವುದು ಕೆಳಗಂಚಿನ ನಡುವೆ. ನಾನು ನನ್ನ ಎರಡನೇ ಮೂಲೆಗೆ, ಅಂದರೆ ಕೆಳಗಿನ ಬಲ ಮೂಲೆಗೆ ಬಂದಾಗೆಲ್ಲ ನೀನು ತಲೆ ಎತ್ತದೆಯೇ ಆ ಕಡೆಯಿಂದ ‘ಕೆಳಗೆ’ ಅನ್ನುತ್ತಿದ್ದೆ. ನನಗೆ ಮೈ ಉರಿಯುತ್ತಿತ್ತು. ನಾನೇನು ಕುರುಡಿಯೇನೇ ಅಂತ ಎಷ್ಟು ಸಲ ಅಂದಿದ್ದೇನೋ.

ಹನ್ನೊಂದು ವರ್ಷದ ಹಿಂದೆ ನಿವೃತ್ತರಾಗುತ್ತಿದ್ದ ಆ ಹೆಡ್ಮಾಸ್ಟರರ ಬಿನ್ನವತ್ತಳೆ ಬರೆದ ದಿನ ಬೆಳಿಗ್ಗೆಯೇ ನಾನು ಹೇಳಿಬಿಟ್ಟಿದ್ದೆ, ಇವತ್ತು ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಅಂತ. ನೀನು ಮುಚ್ಚಿಕೊಂಡೇ ಮಾಡಿದೆ. ಸಂಜೆ ನಡುವೆ ಸೇರಿಸಿದರೆ, ಮೇಲಿನ ಎಳೆಗೆ ಕೆಳಗಿನದು ಬರುವ ಬದಲು ಮೇಲಿನದೇ ಬಂದು ಕೂತಿತ್ತು. ಮರುದಿನ ಬೆಳಿಗ್ಗೆ ಕೊಡಬೇಕಾದ ಹಾಳೆ. ನೀನು ಎಣಿಸಿ ನೋಡುವ ಮೊದಲೇ ಅದನ್ನು ಎಳೆದುಕೊಂಡು, ಎರಡು ಎಣಿಸಲು ಬಾರದವಳಿಗೆ ಪೆನ್ನು ಯಾಕೆ ಅಂತ ಕಿರುಚಿದೆ. ಒಂಬತ್ತು ಜನ ಇದ್ದರು. ನಿನ್ನ ಮಗಳು ಮೇಜಿನ ಕೆಳಗೆ ಆಡುತ್ತಾ ಕೂತಿದ್ದಳು, ಆಟ ನಿಲ್ಲಿಸಿದಳು. ಮಾಲೀಕರು ನನ್ನ ಮಾತು ನಂಬಿ ನಿನ್ನನ್ನು ಕೆಲಸದಿಂದ ಬಿಡಿಸಿದರು. ನೀನು ಪೆನ್ನು ತೊಳೆದಿಟ್ಟು ಹೋದೆ. ಆಮೇಲೆ ಯಾವ ಕೆಲಸದಲ್ಲೂ ಪೆನ್ನು ಹಿಡಿಯಲಿಲ್ಲವಂತೆ, ಕಿವಿಗೆ ಬಿತ್ತು.

ಆ ಹಾಳೆಯನ್ನು ಅವತ್ತೇ ಒಲೆಗೆ ಹಾಕಿದೆ, ಈಗ ತೆಗೆದು ನೋಡೋಣವೆಂದರೆ ಇಲ್ಲ.

ಮೊನ್ನೆ ಸೋಮವಾರ ನಿನ್ನ ಭಾವನ ಹಾಳೆಗೆ ಕೂತೆ. ನೀನು ಹೋದ ಮೇಲೆ ಅಂಗೈಯಷ್ಟು ಚಿಕ್ಕ ಅಂಚುಗಳನ್ನೇ ಬರೆದಿದ್ದೆ, ಹಾಳೆ ತಿರುಗಿಸದೆ ಮುಗಿಯುವಂಥವು. ಇಷ್ಟು ದೊಡ್ಡದನ್ನು ಮುಟ್ಟಿರಲಿಲ್ಲ. ಬಲಗಡೆ ನಾನೇ, ಎಡಗಡೆಯೂ ನಾನೇ. ಸಂಜೆ ಐದಕ್ಕೆ ನಡುವೆ ಬಂದು ನೋಡಿದರೆ ಅದೇ, ಮೇಲಿನ ಎಳೆಗೆ ಮೇಲಿನದು. ಬೈಯೋಣವೆಂದು ತಲೆ ಎತ್ತಿದೆ. ಎದುರಿಗೆ ನಿನ್ನ ಖಾಲಿ ಸ್ಟೂಲು ಇತ್ತು. ಬೆರಳಿಟ್ಟು ಹಿಂದಕ್ಕೆ ಎಣಿಸಿದೆ. ತಪ್ಪಿದ್ದು ಕೆಳಗಿನ ಬಲ ಮೂಲೆಯಲ್ಲಿ. ಅಲ್ಲಿ ಹಾಳೆ ತಿರುಗಿಸಬೇಕು, ತಿರುಗಿಸುವಾಗ ನನ್ನ ಲೆಕ್ಕ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಅವತ್ತಿನದೂ ನನ್ನದೇ ಇರಬಹುದು. ಇರಬಹುದು ಅಂತ ಹೇಳುತ್ತಿದ್ದೇನೆ.

ಮಾಲೀಕರ ಹತ್ತಿರ ಇನ್ನೊಂದು ಹಾಳೆ ಕೇಳಿ ತಂದೆ. ಇದೇ ಕೊನೆಯದು, ಈ ಜಾತಿಯ ಕಾಗದ ಈಗ ಬರುವುದಿಲ್ಲವಂತೆ. ಬಲಗಡೆ ಬರೆದುಕೊಂಡು ಎರಡನೇ ಮೂಲೆಯ ಹತ್ತಿರ ನಿಲ್ಲಿಸಿದ್ದೇನೆ. ಎಡಗಡೆ ಪೂರ್ತಿ ಖಾಲಿ ಇದೆ. ಚುಕ್ಕೆ ಇಟ್ಟಿದ್ದೇನೆ, ನೋಡಿದರೆ ನಗುತ್ತೀ, ಕುಡಿದ ಇರುವೆಗಳ ಹಾಗಿವೆ.

ಬಾ ಅಂತ ಬರೆಯುತ್ತಿಲ್ಲ. ಬೆಳಿಗ್ಗೆ ಏಳೂವರೆಗೆ ಬಸ್ಸಿದೆ, ಮಧ್ಯೆ ಬದಲಾಯಿಸಬೇಕಿಲ್ಲ ಅಂತ ಮಾತ್ರ ಬರೆಯುತ್ತಿದ್ದೇನೆ. ನಿನ್ನ ಭಾವ ವರ್ಷಕ್ಕೆ ನಾಲ್ಕು ಸಲವಾದರೂ, ಅವಳಿಗೊಂದು ಕಾಗದ ಬರಿ ಅನ್ನುತ್ತಿದ್ದರು. ಅವಳಿಗೇನು ಕೈ ಇಲ್ಲವಾ ಅಂತ ಕೇಳುತ್ತಿದ್ದೆ.

ಮೂವತ್ತನೇ ತಾರೀಕು. ನೆನಪಿರಲಿ.

ನಿನ್ನ ಅಕ್ಕ

ಕಾಗದ ಮಡಿಸಿ, ಮತ್ತೆ ಬಿಚ್ಚಿದೆ. ಆ ಹಳೆಯ ಹಾಳೆಯನ್ನು ಒಲೆಗೆ ಹಾಕಲಿಲ್ಲ. ಅವತ್ತೇ ಮನೆಗೆ ತಂದು ಎಣಿಸಿದ್ದೆ. ನಿನ್ನ ಎರಡೂ ಮೂಲೆ ಸರಿ ಇದ್ದವು. ತಪ್ಪು ಕೆಳಗಿನ ಬಲ ಮೂಲೆ, ನನ್ನದು. ಎರಡಾಗಿ ಹರಿದು, ಬೀರುವಿನ ತಳಕ್ಕೆ ಹಾಸಿದ ಕಾಗದದ ಅಡಿಗೆ ತಳ್ಳಿದೆ. ಸುಟ್ಟೆ ಅಂತ ನಿನ್ನ ಭಾವನಿಗೂ ಹೇಳಿದ್ದೆ. ಹನ್ನೊಂದು ವರ್ಷ ಗೊತ್ತಿದ್ದೇ ಸುಮ್ಮನಿದ್ದೆ. ನಿನ್ನೆ ಅದನ್ನು ಹೊರಗೆ ತೆಗೆದೆ. ಹರಿದದ್ದು ಕೂಡಿತ್ತು. ಹಿಂದಿನಿಂದ ಯಾರೋ ತೆಳ್ಳನೆಯ ಕಾಗದ ಅಂಟಿಸಿದ್ದರು, ಒಂದು ಸುಕ್ಕಿಲ್ಲ. ಹಾಗೆ ಅಂಟಿಸುವ ಕೈ ನಮ್ಮ ಮನೆಯಲ್ಲಿ ಒಂದೇ ಇದ್ದದ್ದು, ನಿನ್ನ ಭಾವನದು. ಕೆಳಗಿನ ಬಲ ಮೂಲೆಯ ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಚುಕ್ಕೆ. ಅವರೂ ಎಣಿಸಿ ನೋಡಿ ಯಾವ ವರ್ಷ ಇಟ್ಟರೋ ಗೊತ್ತಿಲ್ಲ. ಹಾಳೆ ಇದರ ಜೊತೆಗೇ ಇದೆ. ಇಷ್ಟನ್ನೂ ಮಗಳಿಗೆ ಓದಿ ಹೇಳು. ಗಟ್ಟಿಯಾಗಿ ಓದು.