ಮಾಹೆಯ ಮಿಷನ್

೬-೧-೧೯೫೮, ಗೋಣಿಕೊಪ್ಪಲು
ಬೆಳಿಗ್ಗೆಯೇ ಹನ್ನೊಂದು ಕಾಗದ ಟೈಪ್ ಮಾಡಿದೆ. ಎಲ್ಲಾ ಮೆಣಸಿನ ವ್ಯಾಪಾರದ್ದೇ — ತಲಶ್ಶೇರಿಗೆ ನಾಲ್ಕು, ಮಂಗಳೂರಿಗೆ ಏಳು. ರಿಬ್ಬನ್ ಮಸುಕು. ಕುಶಾಲಪ್ಪ ಮಾವನಿಗೆ ಹೇಳಿದರೆ, ತಿರುಗಿಸಿ ಹಾಕು ಅಂದರು. ತಿರುಗಿಸಿ ಆಗಿದೆ, ಎರಡು ಸಲ. ಅಂಗಡಿ ಧಣಿ, ಅವ್ವನ ದೊಡ್ಡಪ್ಪನ ಮಗ ಬೇರೆ. ಪರರ ಅಂಗಡಿಯಾಗಿದ್ದರೆ ಎರಡು ಮಾತು ಆಡಬಹುದಿತ್ತು.

೯-೧
ಮೈಸೂರಿಂದ ಟೈಪ್‌ರೈಟರ್ ಏಜೆಂಟ್ ಬಂದಿದ್ದ, ಪುಟ್ಟರಾಜು ಅಂತ. ಹೊಸ ‘ಭರಣಿ’ ಮಿಷನ್ ತಂದು ನಮ್ಮ ‘ರೋಷಾ’ ಪಕ್ಕದಲ್ಲೇ ಇಟ್ಟ. ಹೊಡೆದು ನೋಡಿ ಅಂದ. ಹೊಡೆದೆ — ಬರೀ ಕಲಸುಮೇಲೋಗರ. ಎ ಅಂತ ಒತ್ತಿದರೆ ಕ್ಯೂ. ಡಬ್ಲ್ಯೂ ಅಂತ ಒತ್ತಿದರೆ ಜೆಡ್.
ರೋಷಾದ್ದು ಫ್ರೆಂಚರ ಅಕ್ಷರ ಜೋಡಣೆಯಂತೆ. ಅವರು ಮಾಹೆ ಬಿಟ್ಟು ಹೋಗುವಾಗ ಮಾವ ಹರಾಜಲ್ಲಿ ತಂದದ್ದು. ಮೂರು ವರ್ಷ ಅದರಲ್ಲೇ ಕಲಿತು ಅದರಲ್ಲೇ ಹೊಡೆದೆ. ಲೋಕದ ಮಿಷನ್ನೆಲ್ಲ ಹೀಗೇ ಅಂದುಕೊಂಡಿದ್ದೆ. ಬಾವಿ ಕಪ್ಪೆ ನಾನು.
ರೋಷಾ ಗಟ್ಟಿ, ಅದು ನಿಜ. ಅಕ್ಷರ ಕಡೆದಿಟ್ಟ ಹಾಗೆ. ಭರಣಿ ತಗಡು, ಸಾಲು ಬದಲಿಸಿದರೆ ಕಿರುಗುಟ್ಟುತ್ತೆ. ಹಾಗಂತ ಹೇಳಿದೆ. ಪುಟ್ಟರಾಜು ನಕ್ಕ.
“ಯಾವ್ದು ಗಟ್ಟಿ ಅನ್ನೋದಲ್ಲ ತಾಯಿ, ಯಾವ್ದು ಎಲ್ಲಾ ಕಡೆ ಐತೆ ಅನ್ನೋದು. ನಿಮ್ಮ ರೋಷಾ ಕಂಪನಿಯೋರು ಈ ಸೀಮೇಲಿ ಒಬ್ರೂ ಇಲ್ಲ. ಕಚೇರಿ, ಬ್ಯಾಂಕು, ಪರೀಕ್ಷೆ — ಎಲ್ಲಾ ಈ ಜೋಡಣೇನೇ.”
ಮಾವ ಕೊಳ್ಳಲಿಲ್ಲ.

೧೭-೧
ಮಡಿಕೇರಿಯಲ್ಲಿ ಸರ್ಕಾರಿ ಟೈಪಿಸ್ಟ್ ಕೆಲಸ. ಪರೀಕ್ಷೆ ಮಾರ್ಚ್ ಎಂಟಕ್ಕೆ. ಅರ್ಜಿ ಹಾಕಿದೆ. ಮಾವನಿಗೆ ಹೇಳಲಿಲ್ಲ...
ರಟ್ಟಿನ ಮೇಲೆ ಭರಣಿಯ ಅಕ್ಷರ ಬರೆದುಕೊಂಡಿದ್ದೇನೆ. ಮಾವ ಊಟಕ್ಕೆ ಹೋದಾಗ ಅದರ ಮೇಲೆ ಬೆರಳಾಡಿಸುವುದು. ಸದ್ದಿಲ್ಲದ ಟೈಪಿಂಗ್. ನಗು ಬರುತ್ತೆ, ಅಳುವೂ.

೧೧-೨
ಸಿಕ್ಕಿಬಿದ್ದೆ. ರಟ್ಟಿನ ಅಭ್ಯಾಸ ಕೈಗೆ ಹತ್ತಿ ಮಂಗಳೂರಿನ ಕಾಗದದಲ್ಲಿ ಎ ಇರಬೇಕಾದಲ್ಲೆಲ್ಲ ಕ್ಯೂ. ಆ ವರ್ತಕರು ವಾಪಸ್ ಕಳಿಸಿ, ಇದು ಯಾವ ಭಾಷೆ ಅಂತ ಕೇಳಿದ್ದಾರೆ. ಮಾವ ಬೈಯಲಿಲ್ಲ. ನನ್ನ ಡ್ರಾಯರಿಂದ ರಟ್ಟು ತೆಗೆದು ನೋಡಿದರು, ಅಲ್ಲೇ ಇಟ್ಟರು. ಕಾಫಿ ತರಿಸಿದರು.
“ನಿಂಗೆ ಇಲ್ಲಿ ಎಂಥ ಕಡಿಮೆ ಉಟ್ಟು?”
ಏನೂ ಕಡಿಮೆಯಿಲ್ಲ. ಹುತ್ತರಿ ಹಬ್ಬಕ್ಕೆ ಸೀರೆ, ಅವ್ವನ ಕಾಯಿಲೆಗೆ ಜೀಪು. ಅದೇ ತೊಂದರೆ. ಬೈದಿದ್ದರೆ ಎದ್ದು ಹೋಗುತ್ತಿದ್ದೆ. ಉಸಿರು ಕಟ್ಟುತ್ತೆ ಅಂತ ಯಾವ ಬಾಯಲ್ಲಿ ಹೇಳಲಿ?

೮-೩, ಸಂಜೆ
ಪರೀಕ್ಷೆ ಆಯಿತು. ಮೊದಲ ಐದು ನಿಮಿಷ ಬೆರಳು ರೋಷಾಕ್ಕೇ ಓಡುತ್ತಿತ್ತು. ಆಮೇಲೆ ಹೇಗೋ ಹಿಡಿತಕ್ಕೆ ಬಂತು.

೧೦-೪
ಪಾಸು. ಮೇ ಎರಡಕ್ಕೆ ಸೇರಬೇಕು. ಈಗಿನ ಧಣಿಯಿಂದ ಬಿಡುಗಡೆ ಪತ್ರ ತರಬೇಕಂತೆ.
ಮಾವ ಆರ್ಡರು ಎರಡು ಸಲ ಓದಿದರು. ಒಳ್ಳೇದಾಯಿತು ಅಂದರು. ಪತ್ರ ಕೊಡುತ್ತಾರಂತೆ — ರೋಷಾ ಹೊಡೆಯುವ ಇನ್ನೊಂದು ಕೈ ತಯಾರಾದ ದಿನ. ಹೊಸ ಮಿಷನ್ ತಗೊಳ್ಳಿ, ಕಲಿತವರು ಬೇಕಾದಷ್ಟು ಸಿಗುತ್ತಾರೆ ಅಂದೆ. ಅದರಲ್ಲಿ ಕಲಿತವರು ನಿನ್ನ ಹಾಗೇ ಹೋಗುತ್ತಾರೆ ಅಂದರು.
ಮಾವ ದಡ್ಡರಲ್ಲ. ಎಲ್ಲಾ ತಿಳಿದೇ ರೋಷಾ ಇಟ್ಟುಕೊಂಡಿದ್ದರು, ಕಲಿತವರು ಎಲ್ಲೂ ಹೋಗದಿರಲಿ ಅಂತ.

೧೪-೪
ಹುಡುಗಿ ಬಂದಳು. ಕಮಲ, ಬಾಳೆಲೆಯವಳು. ಹದಿನೇಳು ವರ್ಷ, ಎಸ್‌ಎಸ್‌ಎಲ್‌ಸಿ ಆಗಿದೆ, ಅಪ್ಪ ಇಲ್ಲ. ಬೆರಳು ಚುರುಕು. ಎ ಎಲ್ಲಿ ಅಂತ ಒಂದೇ ಸಲ ತೋರಿಸಿದ್ದು.

೨೮-೪
ಕೆಳಗೆ ನೋಡದೆ ಹೊಡೆಯುತ್ತಾಳೆ. ಇಷ್ಟು ಬೇಗ ನನಗೆ ಬಂದಿರಲಿಲ್ಲ.
ಈ ಜೋಡಣೆ ಬೇರೆಲ್ಲೂ ನಡೆಯಲ್ಲ ಅಂತ ನಾನೊಂದು ಮಾತು ಹೇಳಿದರೆ ಸಾಕು, ಎದ್ದು ಹೋಗುತ್ತಾಳೆ. ಆಗ ಪತ್ರ ಇಲ್ಲ, ಮಡಿಕೇರಿಯೂ ಇಲ್ಲ. ದಿನಾ ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತೇನೆ. ಇವತ್ತು ಅವಳೇ ಕೇಳಿದಳು.
“ಇದ್ ಕಲ್ತರೆ ನಂಗೂ ನಿಮ್ಮಂಗೆ ಮಡಿಕೇರಿಲಿ ಕೆಲ್ಸ ಸಿಕ್ಕುದು ಅಲ್ಲಾಕ್ಕಾ?”
ಹೂಂ ಅಂದೆ. ಕೀ ನೋಡಬೇಡ, ಕಾಗದ ನೋಡು ಅಂದೆ.

೧-೫, ಬೆಳಿಗ್ಗೆ ಆರು
ಪತ್ರ ನಿನ್ನೆ ಸಿಕ್ಕಿತು. ಟೈಪ್ ಮಾಡಿದ್ದು ಕಮಲಾನೇ. ಒಂದೂ ತಪ್ಪಿಲ್ಲ. ಮಾವ ಸಹಿ ಹಾಕಿ ಅವಳ ತಲೆ ಸವರಿದರು.
ಏಳಕ್ಕೆ ಬಸ್. ಬಸ್‌ಸ್ಟ್ಯಾಂಡಿಗೆ ಬರುತ್ತಾಳಂತೆ, ದಾರಿಗೆ ಕಡುಬು ಕಟ್ಟಿಕೊಂಡು. ಇನ್ನು ಹೇಳಿದರೆ ನನಗೇನೂ ನಷ್ಟವಿಲ್ಲ. ಬಸ್ ಹೊರಡುವ ಮುಂಚೆ ಹೇಳಿಬಿಡಬೇಕು — ಕಮಲಾ, ಅವತ್ತು ನಾನು ಹೂಂ ಅಂದದ್ದು...