ಪಕೀರಪ್ಪನ ೩೨ ಬಿಟ್ ದನಿ

ನವೆಂಬರ್ ೩, ಮಾನ್ವಿ, ನನ್ನ ಮೊಬೈಲ್ ರಿಪೇರಿ ಅಂಗಡಿ

ಬೆಳಿಗ್ಗೆಯಿಂದ ಚಾರ್ಜಿಂಗ್ ಪಿನ್ ಮೂರು, ಡಿಸ್‌ಪ್ಲೇ ಒಂದು. ಮಧ್ಯಾಹ್ನ ಪೋತ್ನಾಳದ ಪಕೀರಪ್ಪ, ಹೆಂಡತಿ ಅಯ್ಯಮ್ಮ ಬಂದರು. ಅವನಿಗೆ ರೈಸ್‌ಮಿಲ್ ಗೇಟಿನಲ್ಲಿ ಡ್ಯೂಟಿ. ಗಂಟಲಿನ ಆಪರೇಶನ್ ಆಗಿ ದನಿ ಹೋಗಿದೆ. ಅದಕ್ಕೆ ಮೊದಲೇ ತನ್ನ ಮಾತುಗಳನ್ನು ಒಂದು ಆ್ಯಪ್‌ನಲ್ಲಿ ತುಂಬಿಟ್ಟಿದ್ದಾನೆ — ಚಿತ್ರ ಒತ್ತಿದರೆ ಅವನದೇ ದನಿ. ಫೋನಿನ ಬ್ಯಾಟರಿ ಉಬ್ಬಿತ್ತು. ಹೊಸ ಫೋನೇ ಕೊಟ್ಟೆ. ಆ್ಯಪ್ ಕಾಪಿ ಮಾಡಿಕೊಂಡು ಹಳೆಯದನ್ನು ಫಾರ್ಮ್ಯಾಟ್ ಹೊಡೆದು ಎಕ್ಸ್‌ಚೇಂಜ್‌ಗೆ ಕಳಿಸಿಬಿಟ್ಟೆ. ಅಂಗಡಿಯ ರೂಢಿ. ಹಳೆಯದು ಹೊಸದರಲ್ಲಿ ನಡೆದೇ ನಡೆಯುತ್ತದೆ ಎಂಬ ಧಿಮಾಕು.

ನಡೆಯಲಿಲ್ಲ. ಆ್ಯಪ್ ಹಳೆಯ ೩೨ ಬಿಟ್ ಭಾಷೆಯದು. ಹೊಸ ಪ್ರೊಸೆಸರ್‌ಗೆ ೬೪ ಮಾತ್ರ ಗೊತ್ತು.

“ಲಾರಿಯವ್ರು ಇವರನ್ನ ಮೂಕ ಅಂತಾರವ್ವಾ,” ಎಂದಳು ಅಯ್ಯಮ್ಮ. ಸರಿ ಮಾಡಲು ಎಂಟು ದಿನ ಗಡುವು ಕೇಳಿದೆ.

ನವೆಂಬರ್ ೬

ಹೊಸ ಫೋನಿನೊಳಗೆ ಹಳೆಯ ಆಂಡ್ರಾಯ್ಡ್ ಅನ್ನು ಅತಿಥಿಯಾಗಿ ಕೂರಿಸಿದೆ — ವರ್ಚುವಲ್ ಮಷೀನ್. ಆ್ಯಪ್ ಏಳಲೇ ಇಲ್ಲ. ಅತಿಥಿ ಹಳಬನಾದರೇನು, ಕೆಳಗೆ ದುಡಿಯುವುದು ಅದೇ ಹೊಸ ಪ್ರೊಸೆಸರ್. ಇಷ್ಟೂ ಹೊಳೆಯಲಿಲ್ಲವಲ್ಲ ಮಂಜುಳಾ, ಎಂದು ನನಗೆ ನಾನೇ ಅಂದುಕೊಂಡೆ… ನಾಚಿಕೆಯಾಯಿತು.

ನವೆಂಬರ್ ೯

ಅವ್ವನ ಹೊಲದ ಕಾಗದಕ್ಕೆ ತಹಸೀಲಿಗೆ ಹೋಗಿದ್ದೆ. ನಿಜಾಮರ ಕಾಲದ ಉರ್ದು ಪಟ್ಟಾ. ಆಫೀಸಿನಲ್ಲಿ ಯಾರಿಗೂ ಓದಲು ಬರದು. ಹೊರಗೆ ಕೂರುವ ಅರ್ಜಿ ಬರೆಯುವ ಗುಲಾಮ್ ದಸ್ತಗೀರ್ ಒಬ್ಬರೇ ಗತಿ. ಒಂದು ಸಾಲು ಓದುತ್ತಾರೆ, ಕನ್ನಡದಲ್ಲಿ ಹೇಳುತ್ತಾರೆ, ಮತ್ತೊಂದು ಸಾಲು. ಬೇಗ ಅಂದೆ.

“ಅವಸರ ಮಾಡಿದ್ರ ಹೊಲದ ಹದ್ದು-ಗಡಿ ತಪ್ತದವ್ವಾ,” ಎಂದರು.

ಅಲ್ಲೇ ಹೊಳೆಯಿತು. ನನ್ನ ಅತಿಥಿಗೆ ಬರೀ ಕೋಣೆ ಕೊಟ್ಟರೆ ಸಾಲದು. ಪಕ್ಕದಲ್ಲಿ ಒಬ್ಬ ದಸ್ತಗೀರ್ ಬೇಕು. ಒಂದೊಂದು ಆದೇಶವನ್ನೂ ತಿರುಗಿಸಿ ಹೇಳುವ ಎಮ್ಯುಲೇಟರ್.

ನವೆಂಬರ್ ೧೧, ಸಂಜೆ ೪

ಬಂದರು. ಎಮ್ಯುಲೇಟರ್ ಹಾಕಿದ ಮೇಲೆ ಆ್ಯಪ್ ಎದ್ದಿದೆ. ನಿಧಾನ — ಒತ್ತಿದ ಮೇಲೆ ಹನ್ನೊಂದು ಸೆಕೆಂಡ್. “ಲಾರಿ ಹಿಂದಕ ತಗೀರಿ.” ಅವನದೇ ದನಿ. ತಡಕ್ಕೆ ಕ್ಷಮೆ ಕೇಳಿದೆ.

“ಇರ್ಲಿ ಬಿಡವ್ವ. ಮೊದ್ಲೂ ಇವ್ರು ವಿಚಾರ ಮಾಡೇ ಮಾತಾಡ್ತಿದ್ರು,” ಎಂದಳು ಅಯ್ಯಮ್ಮ. ಪಕೀರಪ್ಪ ನಕ್ಕ.

ಒಂದೊಂದು ಮಾತನ್ನೇ ನುಡಿಸಿ ಹೊಸ ಆ್ಯಪ್‌ಗೆ ರೆಕಾರ್ಡ್ ಮಾಡುತ್ತಿದ್ದೇನೆ. ನಲವತ್ತಿವೆ. ಕೊನೆಯದಕ್ಕೆ ಚಿತ್ರವೇ ಇಲ್ಲ, ಖಾಲಿ ಚೌಕ. ಅಯ್ಯಮ್ಮ ಎಂದೂ ಕೇಳಿಲ್ಲವಂತೆ. ಪಕೀರಪ್ಪ ನನ್ನ ಕೈ ಸರಿಸಿ ತಾನೇ ಒತ್ತಿದ. ಕಾದೆವು.

“ಅಯ್ಯಮ್ಮ, ನಾಳಿ ಆಪರೇಶನ್ ಅದ. ನಾ ತಿರುಗಿ ಬರ್ಲಿಲ್ಲಂದ್ರ ಇದನ್ನ ಒತ್ತು. ನಿನ್ನ ಹೆಸ್ರು ನನ್ನ ಬಾಯಾಗ ಇರ್ಲಿ ಅಂತ ಹೇಳೀನಿ.”

ರೆಕಾರ್ಡ್ ಬಟನ್ ಒತ್ತುವುದನ್ನೇ ಮರೆತಿದ್ದೆ.

“ಇನ್ನೊಮ್ಮಿ ಒತ್ರಿ,” ಎಂದಳು ಅಯ್ಯಮ್ಮ.

ಒತ್ತಿದ್ದಾನೆ. ಈಗ ಬರುತ್ತದೆ. ಏಳು… ಎಂಟು…